ದೀಪದ ಮಾಡ

"ಈ ಗೋಡಿ ಎಷ್ಟು ಭಾರ ತಡದೀತು?"

ಗ್ಯಾರೇಜಿನಲ್ಲಿ ಕೇಳಿಸಿಕೊಳ್ಳುವವರು ಯಾರೂ ಇರಲಿಲ್ಲ. ಉಜ್ಜಿನಪ್ಪ ಸುತ್ತಿಗೆಯ ಹಿಡಿಯಿಂದ ಗೋಡೆಯನ್ನು ಕುಟ್ಟುತ್ತ, ಕಿವಿಗೊಟ್ಟು ಕೇಳುತ್ತ ಸರಿಯುತ್ತಿದ್ದ. ಗಟ್ಟಿ ಇದ್ದಲ್ಲಿ ಸದ್ದು ಅಲ್ಲಲ್ಲೇ ಅಡಗುತ್ತಿತ್ತು. ನಡುಗೋಡೆಗೆ ಬಂದಾಗ ಪೊಳ್ಳಾಯಿತು. ಅಲ್ಲಿ ಹಾಗೆಯೇ ಆಗುತ್ತದೆಂದು ಗೊತ್ತಿದ್ದವನಂತೆ ಕೈ ಹಿಂತೆಗೆದ.

ಕುರುಗೋಡಿನ ಈ ಗ್ಯಾರೇಜು ಮೊದಲು ಅವರ ಮನೆಯ ಪಡಸಾಲೆ. ನಡುಗೋಡೆಯಲ್ಲಿ ದೀಪ ಇಡುವ ಗೂಡು, ಒಂದು ಮಾಡವಿತ್ತು. ಸಂಜೆ ಅದರಲ್ಲಿ ದೀಪ ಹಚ್ಚಿಟ್ಟು ಅಪ್ಪ ಪುರಾಣದ ಪದ್ಯ ಓದುತ್ತಿದ್ದ, ಇವನು ಕಂಬಕ್ಕೊರಗಿ ಕೇಳುತ್ತಿದ್ದ. ಮುಂದೆ ಉಜ್ಜಿನಪ್ಪ ಟ್ರ್ಯಾಕ್ಟರ್ ರಿಪೇರಿ ಶುರುಮಾಡಿದಾಗ ದೀಪವನ್ನು ಒಳಗಿನ ದೇವರ ಜಗಲಿಗೆ ಸರಿಸಿ, ಮಾಡಕ್ಕೆ ಹೊಲದ ಮಣ್ಣು ತುಂಬಿ, ಮೇಲೆ ಸಿಮೆಂಟು ಬಳಿದಿದ್ದ. ಮಾರೆಣ್ಣ ಗ್ಯಾರೇಜಿನ ಕೆಲಸಕ್ಕೆ ಸೇರಿದ್ದು ಆಮೇಲೆ; ಅಲ್ಲೊಂದು ಮಾಡವಿತ್ತೆಂದು ಅವನಿಗೆ ಗೊತ್ತಿರಲಿಲ್ಲ.

ಮುಂಗಾರಿಗೆ ಮುಂಚೆ ಗೋಡೆಗೆ ಕಪಾಟು ಕೂಡಿಸುವಾಗ ಡ್ರಿಲ್ಲು ಆ ಜಾಗದಲ್ಲಿ ಕೈಗೆ ಬಿಗಿ ಹತ್ತದೆ ಒಳಹೊಕ್ಕಿತ್ತು. ಇಟ್ಟಿಗೆಯ ಕೆಂಪು ಪುಡಿಯ ಬದಲು ಕರಿಮಣ್ಣು ಉದುರಿತ್ತು. ಉಜ್ಜಿನಪ್ಪ ಅದನ್ನು ನೋಡಿದ್ದ. ಹೊರಗೆ ರಿಪೇರಿಗೆ ಬಂದ ಟ್ರ್ಯಾಕ್ಟರುಗಳು ಸಾಲುಗಟ್ಟಿದ್ದವು. ಒಂದಿಷ್ಟು ಸಿಮೆಂಟು ತುರುಕಿ ಬೋಲ್ಟು ತಿರುವಿಬಿಟ್ಟ. ವಾರ ತುಂಬುವುದರೊಳಗೆ ಕಪಾಟು ಕಿತ್ತುಬಂದು ಮಾರೆಣ್ಣನ ಬಲಗೈ ಮೇಲೆ ಬಿತ್ತು.

"ಒಬ್ಬನ ನಿಂತು ಯಾರ ಜೊತಿ ಮಾತಾಡಾಕತ್ತೀಯಣ್ಣ?" ಮಾರೆಣ್ಣ ಬಾಗಿಲಲ್ಲಿ ನಿಂತಿದ್ದ.

"ಗೋಡಿ ಜೊತಿ. ಅದು ನಿನ್ನಂಗ ಎದುರು ಮಾತಾಡಂಗಿಲ್ಲ. ಕೈ ಹೆಂಗೈತಲೇ?"

"ಪಾನಾ ಹಿಡಿದು ನಟ್ಟು ತಿರುವಾಕ ಬರಾವಲ್ದು. ತಲಿ ಬಾಚಾಕೂ ಪಕ್ಕೀರಮ್ಮನ್ನ ಕರೀಬೇಕು. ಮದುವಿ ಆದ ಹೊಸದಾಗೂ ಆಕಿ ಇಷ್ಟು ಹತ್ರ ಬಂದಿರಲಿಲ್ಲ ತಗೋ."

ನಕ್ಕವನು ಅವನೊಬ್ಬನೇ. ಮಡಚಲಾರದ ಬೆರಳುಗಳನ್ನು ಟವೆಲಿನೊಳಗೆ ಇಟ್ಟುಕೊಂಡು ಕೇಳಿದ, "ಈ ಸಲ ಹೆಂಗ ಮಾಡ್ತಿ ಕಪಾಟು?"

"ನೆಲದಿಂದ ಕಬ್ಬಿಣದ ಆ್ಯಂಗಲ್ ನಿಲ್ಲಿಸಿ ಅದರ ಮ್ಯಾಲೆ ಕೂಡಿಸ್ತೀನಿ. ಬೋಲ್ಟು ಗೋಡಿ ದಾಟಿ ಆಕಡಿ ಹೋಗಬೇಕು, ಅಲ್ಲಿ ಪಟ್ಟಿ ಕೊಟ್ಟು ಬಿಗೀತೀನಿ. ಮ್ಯಾಲೆ ಬರೇ ನಟ್ಟು, ವಾಷರು. ಗೇರ್‌ಬಾಕ್ಸು, ಜಾಕು ಎಲ್ಲಾ ಕೆಳಗ."

ಜಾಕು ಎಂದಕೂಡಲೇ ಮಾರೆಣ್ಣನ ತಲೆ ತಗ್ಗಿತು. "ನಾನ ಅಲ್ಲೇನಣ್ಣ ಅವತ್ತು ಜಾಕನ್ನ ಕಪಾಟಿನ ಮ್ಯಾಲಿಟ್ಟಾವ. ಅಷ್ಟು ಭಾರ ಇಟ್ರ ಯಾವ ಗೋಡಿ ತಡದೀತು? ನಿನ್ನ ಕಪಾಟೂ ಹಾಳಾತು, ಕೆಲಸಾನೂ ನಿಂತ್ಹೋತು."

ಈ ಮಾತನ್ನು ಅವನು ಬಂದಾಗಲೆಲ್ಲ ಆಡುತ್ತಿದ್ದ. ಉಜ್ಜಿನಪ್ಪ ಪ್ರತಿ ಸಲವೂ ಸುಮ್ಮನಿರುತ್ತಿದ್ದ. ಆ ಸುಮ್ಮನಿರುವುದನ್ನೇ ಮಾರೆಣ್ಣ ದೊಡ್ಡತನವೆಂದು ಓಣಿಯಲ್ಲೆಲ್ಲ ಹೇಳಿಕೊಂಡು ತಿರುಗುತ್ತಿದ್ದ.

ಗುಡಿಯ ಮೈಕಿನಲ್ಲಿ ಶ್ರಾವಣದ ಪುರಾಣ ಶುರುವಾಯಿತು. ಪದ್ಯವೊಂದು ರಾಗವಾಗಿ ಏರಿ, ಅರ್ಥ ಹೇಳುವವರಿಗಾಗಿ ನಿಂತಿತು.

"ಪುರಾಣಕ್ಕೂ ಬರೋದು ಬಿಟ್ಟೀಯಲ್ಲ. ಅಲ್ಲಿ ನನ್ನ ಮುಖ ನೋಡಬೇಕಾಗ್ತೈತಿ ಅಂತನ?" ಮಾರೆಣ್ಣ ಹತ್ತಿರ ಬಂದ. "ಒಮ್ಮೆ ಬಾಯಿಬಿಟ್ಟು ಅನ್ನಣ್ಣ. 'ಮಾರ್ಯಾ, ನಿನ್ನ ತಪ್ಪು ಕ್ಷಮಿಸೀನಿ' ಅಂತ. ಅಷ್ಟಾದ್ರ ಉಣ್ಣೋ ಅನ್ನ ಒಳಗಿಳಿತೈತಿ."

ಉಜ್ಜಿನಪ್ಪ ಉಳಿಯನ್ನು ನಡುಗೋಡೆಗಿಟ್ಟು ಹೊಡೆದ. ಸಿಮೆಂಟು ಹಪ್ಪಳದಂತೆ ಕಳಚಿತು. ಮತ್ತೆ ಹೊಡೆದ. ಕರಿಮಣ್ಣು ಸುರಿಯಿತು, ಅದರ ಜೊತೆ, ಬೋಲ್ಟಿನ ತೂತು ಇನ್ನೂ ಇದ್ದ ಸಿಮೆಂಟಿನ ಗಡ್ಡೆಯೊಂದು ಮಾರೆಣ್ಣನ ಪಾದದ ಬಳಿ ಉರುಳಿತು. ಹಿಂದೆ ಹಳೆಯ ಮಸಿ ಹಿಡಿದ ಮಾಡದ ಕಮಾನು ಕಂಡಿತು.

ಮಾರೆಣ್ಣ ಬಗ್ಗಿ, ಎಡಗೈಯಲ್ಲಿ ಗಡ್ಡೆಯನ್ನೆತ್ತಿದ. ಹೆಬ್ಬೆರಳಿಂದ ಮಣ್ಣು ಒರೆಸಿದ. ತೂತನ್ನು ನೋಡಿದ, ಮಾಡವನ್ನು ನೋಡಿದ. ಆಮೇಲೆ ಅದನ್ನು ಮೆಲ್ಲಗೆ ಮಾಡದೊಳಕ್ಕೇ ಇಟ್ಟ.

"ಇದನ್ನ ಮುಚ್ಚಿಬಿಡಣ್ಣ," ಎಂದ, ಧ್ವನಿ ತಗ್ಗಿಸಿ. "ಮುಚ್ಚಿ, ಆ ಮಾತೊಂದು ಅಂದ್ಬಿಡು."

"ಅನ್ನಂಗಿಲ್ಲ," ಅಂದ ಉಜ್ಜಿನಪ್ಪ. "ಮಣ್ಣು ಉದುರಿದ್ದು ನೋಡೇ ಬೋಲ್ಟು ತಿರುವಿದಾವ ನಾನು."