ಅಮ್ಮನ ಕೈಲಿ ಏನೂ ಆಗಲ್ಲ

ಅಮ್ಮನ ತಲೆಯಡಿಯ ದಿಂಬು ಸರಿಮಾಡಲು ಬಂದ ತಮ್ಮನ ಕೈಯನ್ನು ಅಕ್ಕ ತಳ್ಳಿಬಿಟ್ಟಳು. "ಮುಟ್ಟಬೇಡ."

ಕೋಣೆಯಲ್ಲಿ ಕೂತಿದ್ದವರು ತಿರುಗಿ ನೋಡಿದರು. ಶವದ ಗಾಡಿ ಬರಲು ಇನ್ನೂ ಅರ್ಧ ಗಂಟೆಯಿತ್ತು.

"ದುಃಖದಲ್ಲಿದ್ದಾರೆ, ಬಿಡಪ್ಪ," ಎಂದು ತಮ್ಮನ ಆಫೀಸಿನ ಮ್ಯಾನೇಜರು ಅವನ ಬೆನ್ನು ಸವರಿದರು. "ನಿನ್ನಂಥ ಮಗ ಎಲ್ಲಿ ಸಿಗ್ತಾನೆ? ಸ್ನಾನ, ಊಟ ಎಲ್ಲಾ ನೀನೇ ಮಾಡಿಸ್ತಿದ್ದೆ. ನಮಗೆ ಗೊತ್ತಿಲ್ವಾ?"

ಅಕ್ಕನ ಮೈಯೆಲ್ಲ ಉರಿಯಿತು. ಇತ್ತಣ ಕಡ್ಡಿ ಅತ್ತ ಎತ್ತಿಡದ ಗಂಡು! ಆಫೀಸಿಗೆ ತಡವಾದಾಗಲೆಲ್ಲ ಎರಡು ವರ್ಷದಿಂದ ಇವನು ಊದಿದ್ದು ಒಂದೇ ತುತ್ತೂರಿ: ಅಮ್ಮನ ಕೈಲಿ ಏನೂ ಆಗಲ್ಲ. ಆ ಅಮ್ಮ ಎಪ್ಪತ್ತೊಂದರಲ್ಲೂ ದರ್ಜಿ ಅಂಗಡಿಯ ಶರ್ಟುಗಳ ಗುಂಡಿ ತೂತಿಗೆ ಕಾಜಾ ಹೊಲಿದು ಕೊಡುತ್ತಿದ್ದಳು. ದಿನಕ್ಕೆರಡು ಸಲ ಮೂರು ಮಹಡಿ ಹತ್ತಿಳಿಯುತ್ತಿದ್ದಳು. ಇವನ ಡಬ್ಬಿಯನ್ನೂ ಅವಳೇ ಕಟ್ಟುತ್ತಿದ್ದಳು.

\* \* \*

ಸೋಮವಾರ ಅಕ್ಕ ಬಸ್ಸಿಳಿದು ಆಸ್ಪತ್ರೆಗೆ ಓಡಿ ಬಂದಾಗ ಅಮ್ಮನ ಬಲಭಾಗ ಬಿದ್ದುಹೋಗಿ ಆರು ಗಂಟೆ ಕಳೆದಿತ್ತು.

"ರಕ್ತ ಹೆಪ್ಪುಗಟ್ಟಿ ಮೆದುಳಿನ ದೊಡ್ಡ ನಾಳ ಮುಚ್ಚಿದೆ," ಎಂದ ಡಾಕ್ಟರ್. "ತೊಡೆಯಿಂದ ಸಣ್ಣ ನಳಿಕೆ ತೂರಿಸಿ ಅದನ್ನ ಎಳೆದು ತೆಗೀತೀವಿ. ಕೆಲವರಿಗೆ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬಂದುಬಿಡುತ್ತೆ."

"ಮತ್ತೆ ಯಾಕೆ ತೆಗೀಲಿಲ್ಲ?"

"ಮೊದಲೇ ಹಾಸಿಗೆ ಹಿಡಿದವರಿಗೆ ನಾವು ಮಾಡೋದಿಲ್ಲಮ್ಮ. ನಿನ್ನೆವರೆಗೂ ಹೇಗಿದ್ರು ಅಂತ ನಿಮ್ಮ ತಮ್ಮನ್ನ ಕೇಳಿದ್ವಿ. ಅಮ್ಮನ ಕೈಲಿ ಏನೂ ಆಗಲ್ಲ, ಎಲ್ಲಾ ನಾನೇ ಮಾಡಿಸ್ಬೇಕು ಅಂದ್ರು."

"ಅವಳ ಬೆರಳು ನೋಡಿದ್ರಾ ನೀವು? ಸೂಜಿ ಹಿಡಿದು ಜಡ್ಡುಗಟ್ಟಿರೋ ಬೆರಳು! ಹಾಸಿಗೆ ಹಿಡಿದವರಿಗೆ ಹೀಗಿರುತ್ತಾ?"

ಡಾಕ್ಟರ್ ಅಮ್ಮನ ಬೆರಳು ಮುಟ್ಟಿ ನೋಡಿದ. ಮುಖ ಕಪ್ಪಿಟ್ಟಿತು. ಮತ್ತೆ ಸ್ಕ್ಯಾನಿಗೆ ಒಯ್ದರು. ಅಷ್ಟರಲ್ಲಿ ಮೆದುಳಿನ ಬಹುಭಾಗ ಸತ್ತಿತ್ತು; ಇನ್ನು ತೆಗೆದು ಪ್ರಯೋಜನವಿರಲಿಲ್ಲ.

ಕಾರಿಡಾರಿನಲ್ಲಿ ತಮ್ಮ ತಲೆ ತಗ್ಗಿಸಿ ನಿಂತಿದ್ದ. "ಪಕ್ಕದ ಮನೆಯವರು ಫೋನ್ ಮಾಡಿದಾಗ ಮ್ಯಾನೇಜರೇ ಆಫೀಸಿಂದ ಕಾರಲ್ಲಿ ಕರ್ಕೊಂಡು ಬಂದ್ರು. ಡಾಕ್ಟರ್ ಕೇಳುವಾಗ ಪಕ್ಕದಲ್ಲೇ ಇದ್ರು. ಏನು ಮಾಡ್ಲಿ ಅಕ್ಕ?"

\* \* \*

"ಪಾಪ, ಹೋಗಿದ್ದೇ ಒಳ್ಳೆಯದಾಯ್ತು," ಎಂದರು ಮ್ಯಾನೇಜರು. "ಅವರಿಗೂ ಬಿಡುಗಡೆ, ಇವನಿಗೂ."

ಅಕ್ಕ ತಮ್ಮನ ರಟ್ಟೆ ಹಿಡಿದು ಅವರ ಮುಂದೆ ಎಳೆದಳು. ಅವನು ತೊಟ್ಟಿದ್ದು ಹೊಸ ಬಿಳಿ ಶರ್ಟು. ಮೂರು ದಿನದಿಂದ ಒಗೆಯುವವರಿಲ್ಲದ ಮನೆಯಲ್ಲಿ ಕೊಳೆಯಾಗದೆ ಉಳಿದಿದ್ದು ಅದೊಂದೇ.

"ಈ ಶರ್ಟು ನೋಡಿ ಸಾರ್. ಸೋಮವಾರ ಬೆಳಿಗ್ಗೆ ಇವನ ಡಬ್ಬಿ ಕಟ್ಟಿ ಕಳಿಸಿ, ಇದಕ್ಕೇ ಕಾಜಾ ಹೊಲೀತಾ ಕೂತಿದ್ದಳು. ಸೂಜಿ ಕೈಯಲ್ಲಿರುವಾಗಲೇ ಬಿದ್ದಳು. ಇವನು ಅಮ್ಮನಿಗೆ ಒಂದು ಲೋಟ ನೀರು ಕೊಟ್ಟವನಲ್ಲ. ಕೇಳಿ ಇವನನ್ನೇ."

ಮ್ಯಾನೇಜರು ತಮ್ಮನ ಮುಖ ನೋಡಿದರು. ಅವನು ಬಲತೋಳಿನ ಪಟ್ಟಿಯನ್ನು ಎಡಗೈಯಿಂದ ಮುಚ್ಚಿಕೊಂಡ. ಕೆಳಗೆ ಗಾಡಿಯ ಹಾರನ್ ಕೇಳಿಸಿತು.

ಅಮ್ಮನನ್ನು ಎತ್ತಲು ನಾಲ್ವರು ಬಗ್ಗಿದರು, ಅವರಲ್ಲಿ ತಮ್ಮನೂ ಒಬ್ಬ. ಅವನ ಬಲತೋಳಿನ ಪಟ್ಟಿ ಗುಂಡಿ ಹಾಕಲಾಗದೆ ಬಾಯಿ ಬಿಟ್ಟಿತ್ತು. ಅರ್ಧ ಹೊಲಿದ ಕಾಜಾದಿಂದ ಇಳಿಬಿದ್ದ ಗೇಣುದ್ದದ ದಾರ ಅಮ್ಮನ ಜಡ್ಡುಗಟ್ಟಿದ ಬೆರಳಿಗೆ ಸಿಕ್ಕಿಕೊಂಡು, ಬಾಗಿಲವರೆಗೂ ಹಾಗೇ ಹೋಯಿತು.