ಹಾಲಿನಲ್ಲಿ ಮೂರು ಹನಿ

ಕಾಂಪೌಂಡರನ ಆರು ವರ್ಷದ ಮಗಳು ತಿನ್ನುತ್ತಿದ್ದದ್ದು ನಾಲ್ಕೇ ನಾಲ್ಕು: ಉಪ್ಪು ಹಾಕದ ಅನ್ನ, ಬೇಯಿಸಿ ಸಿಪ್ಪೆ ಸುಲಿದ ಆಲೂಗಡ್ಡೆ, ಹಳದಿ ಪೊಟ್ಟಣದ ಬಿಸ್ಕತ್ತು ಮತ್ತು ಹಾಲು. ಐದನೆಯದು ಬಾಯಿಗೆ ಹೋದರೆ ವಾಂತಿ. ಅದಕ್ಕೇ ಮನೆಯಲ್ಲಿ ಅವಳ ಹೆಸರು ಗುಬ್ಬಿ. ನೆಂಟರು ಇದನ್ನು ಹಟ ಅಂದರು, ಮುದ್ದು ಜಾಸ್ತಿಯಾಯಿತು ಅಂದರು. ಒಬ್ಬ ದೊಡ್ಡಮ್ಮನಂತೂ ಎರಡು ದಿನ ಉಪವಾಸ ಕೆಡವಿದರೆ ಕಲ್ಲನ್ನೂ ತಿನ್ನುತ್ತಾಳೆ ಎಂದು ತೀರ್ಪು ಕೊಟ್ಟು ಹೋದರು. ಬೇರೆಯವರ ಮಕ್ಕಳನ್ನು ಬಾಯಲ್ಲೇ ಸಾಕಿಬಿಡುವುದು ಎಲ್ಲರಿಗೂ ಸುಲಭ. ಹಟದ ಮಗು ಚಮಚ ಕಂಡರೇ ಅಳುತ್ತದೆ. ಗುಬ್ಬಿ ಹಾಗಲ್ಲ, ಚಮಚ ಬಾಯಿಗಿಟ್ಟು, "ಇದರಲ್ಲಿ ಈರುಳ್ಳಿ ತಿರುವಿದ್ರಿ," ಎನ್ನುತ್ತಿದ್ದಳು. ಎರಡು ಸಲ ತೊಳೆದ ಚಮಚ. ಅಮ್ಮ ನೆನಪಿಸಿಕೊಂಡು ನೋಡಿದರೆ, ಹೌದು, ಹಿಂದಿನ ದಿನ ತಿರುವಿದ್ದು ನಿಜ.

ಆ ವರ್ಷ ಜ್ವರ ಬಂದು ಹೋದ ಮೇಲೆ ಗುಬ್ಬಿಯ ತೂಕ ಎರಡು ಕಿಲೋ ಇಳಿಯಿತು. ಮಕ್ಕಳ ಡಾಕ್ಟರು ಅವಳ ಕಣ್ಣಿನ ಕೆಳಗಿನ ರೆಪ್ಪೆ ಎಳೆದು ನೋಡಿದರು. "ರಕ್ತ ತೀರಾ ಕಮ್ಮಿ ಇದೆ. ಈ ಕಬ್ಬಿಣದ ಹನಿ ದಿನಾ ಹೋಗ್ಲೇಬೇಕು. ಹದಿನೈದು ದಿನ ನೋಡ್ತೀನಿ. ತೂಕ ಇನ್ನೂ ಇಳಿದ್ರೆ ಸೇರಿಸ್ಕೊಂಡು ಮೂಗಿಂದ ಹೊಟ್ಟೆಗೆ ಪೈಪ್ ಹಾಕ್ಬೇಕಾಗತ್ತೆ," ಅಂದರು.

ಅಂಥ ಕೊಳವೆ ಹಾಕಿಸಿಕೊಂಡ ಮಕ್ಕಳನ್ನು ಕಾಂಪೌಂಡರ ಕಂಡಿದ್ದ. ಕೈ ಕಟ್ಟಿ ಮಲಗಿಸಿದ್ದನ್ನೂ ಕಂಡಿದ್ದ. ಮನೆಗೆ ಬರುವಾಗ ಮಗಳ ಮಣಿಕಟ್ಟು ಹಿಡಿದರೆ ಅವನ ಬೆರಳು ಒಂದನ್ನೊಂದು ದಾಟಿ ಹೋಗುತ್ತಿದ್ದವು.

ಹನಿಯನ್ನು ಚಮಚದಲ್ಲಿ ಕೊಟ್ಟರು, ವಾಂತಿಯಾಯಿತು. ಮೂಗು ಮುಚ್ಚಿ ಕೊಟ್ಟರು, ಆಗಲೂ ವಾಂತಿ, ಜೊತೆಗೆ ಬೆಳಗ್ಗೆ ತಿಂದ ಅನ್ನವೂ ಹೋಯಿತು. ಮೂರನೆಯ ದಿನ ಅವನು ಹಾಲಿನ ಲೋಟದ ಕಡೆ ನೋಡಿದ.

ಹೆಂಡತಿಗೆ ಅವನ ನೋಟ ಅರ್ಥವಾಯಿತು. "ರೀ, ಹಾಲಿಗೆ ಮಾತ್ರ ಕೈ ಹಾಕ್ಬೇಡಿ. ಇರೋದೇ ನಾಲ್ಕು."

"ನಾನ್ಯಾಕೆ ಹಾಕ್ಲಿ," ಅಂದ ಅವನು.

ಆದರೆ ಅವನ ಕಸುಬೇ ಅದು. ಮಕ್ಕಳಿಗಾಗಿ ಕಹಿ ಗುಳಿಗೆಯನ್ನು ಅರೆದು, ಪಾಕಕ್ಕೆ ಬೆರೆಸಿ, ಕಹಿಯ ಸುಳಿವೇ ಸಿಗದಂತೆ ಮಾಡುವುದರಲ್ಲಿ ಅವನದು ಎತ್ತಿದ ಕೈ. ಇವನ ಕೈಗೆ ಸಿಕ್ಕರೆ ವಿಷವೂ ಸಿಹಿ ಎಂದು ಔಷಧಿ ಅಂಗಡಿಯ ಯಜಮಾನರೇ ತಮಾಷೆ ಮಾಡುತ್ತಿದ್ದರು. ಇಪ್ಪತ್ತು ವರ್ಷ ಊರ ಮಕ್ಕಳ ನಾಲಿಗೆಗೆ ಮಣ್ಣೆರಚಿದವನಿಗೆ ಒಂದು ಗುಬ್ಬಿ ಯಾವ ಲೆಕ್ಕ? ಮರುದಿನ ಹೆಂಡತಿ ಕೆಲಸಕ್ಕೆ ಹೊರಟ ಮೇಲೆ, ಹಾಲಿಗೆ ಮೂರು ಹನಿ ಬಿಟ್ಟು, ಚಿಟಿಕೆ ಸಕ್ಕರೆ ಹಾಕಿ ಕಲಕಿದ.

ಗುಬ್ಬಿ ಒಂದು ಗುಟುಕು ಕುಡಿದಳು. ಅಪ್ಪನ ಮುಖ ನೋಡಿದಳು. ಆಮೇಲೆ ನಿಧಾನವಾಗಿ ಪೂರ್ತಿ ಕುಡಿದು ಲೋಟ ಕೆಳಗಿಟ್ಟಳು.

ಅವನಿಗೆ ಕುಣಿಯುವಷ್ಟು ಖುಷಿಯಾಯಿತು. ಮರುದಿನ ಐದು ಹನಿ, ಅದರ ಮರುದಿನ ಏಳು. ನಾಲ್ಕನೆಯ ದಿನ ಗುಬ್ಬಿ ಲೋಟ ಮುಟ್ಟಲಿಲ್ಲ.

"ಅಪ್ಪ, ಇದರಲ್ಲಿ ಏನಾದ್ರೂ ಹಾಕಿದ್ಯಾ?"

ಆಗಲಾದರೂ ಹೇಳಿಬಿಡಬಹುದಿತ್ತು. ಹೇಳಿದರೆ ಮುಗಿಯಿತು, ಇನ್ನು ಕುಡಿಯುವುದಿಲ್ಲ ಎಂಬ ಭಯಕ್ಕೆ ಅವನು ನಕ್ಕ. "ಏನೂ ಇಲ್ಲ ಪುಟ್ಟ. ಬರೀ ಹಾಲು."

ಗುಬ್ಬಿ ಅಳಲಿಲ್ಲ, ರಚ್ಚೆ ಹಿಡಿಯಲಿಲ್ಲ. ಎದ್ದು ಹೋಗಿ ಕಿಟಕಿಯ ಹತ್ತಿರ ಕೂತಳು. ಆ ದಿನದಿಂದ ಹಾಲು ನಿಂತಿತು. ಎರಡು ದಿನಕ್ಕೆ ಅನ್ನ ನಿಂತಿತು. ಆಲೂಗಡ್ಡೆಯನ್ನು ಬೆರಳಿನಿಂದ ಬಿಡಿಸಿ, ಒಳಗೆಲ್ಲ ನೋಡಿ, ತಟ್ಟೆ ಪಕ್ಕಕ್ಕಿಟ್ಟಳು. ಬಿಸ್ಕತ್ತಿನ ಪೊಟ್ಟಣವನ್ನು ತಾನೇ ಒಡೆದರೆ ಎರಡು ತಿನ್ನುವಳು, ಬೇರೆಯವರು ಒಡೆದದ್ದಾದರೆ ಅದೂ ಬೇಡ. ಅಪ್ಪ ಅಡುಗೆಮನೆಗೆ ಕಾಲಿಟ್ಟರೆ ಬಾಗಿಲಲ್ಲಿ ನಿಂತು ಅವನ ಕೈಗಳನ್ನೇ ನೋಡುತ್ತಿದ್ದಳು. ಅಂಗಡಿಯಲ್ಲಿ ಒಂದು ಮಗುವಿನ ಔಷಧಿಯನ್ನು ಮೂರು ಸಲ ಅಳೆದರೂ ಸರಿಹೋಗಲಿಲ್ಲ.

ಹೆಂಡತಿ ಬೈಯಲೂ ಇಲ್ಲ. ಹನಿಯ ಸೀಸೆಯನ್ನು ಬೆಳಕಿಗೆ ಹಿಡಿದು ಎಷ್ಟು ಇಳಿದಿದೆ ಎಂದು ನೋಡಿ, ಅವನ ಮುಂದಿಟ್ಟಳು. "ನನಗೆ ಹೇಳೋದು ಬೇಡ. ಅವಳಿಗೆ ಹೇಳಿ."

ಹದಿಮೂರನೆಯ ದಿನ ಬೆಳಗ್ಗೆ ಮಗುವನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದರೆ ಮುಳ್ಳು ಮತ್ತೆ ಒಂದು ಕಿಲೋ ಕೆಳಗಿತ್ತು. ಅವನು ಅಲ್ಲೇ ನೆಲದ ಮೇಲೆ ಕೂತುಬಿಟ್ಟ.

"ಗುಬ್ಬಿ, ಅವತ್ತು ಹಾಲಿಗೆ ನಾನು ಔಷಧಿ ಹಾಕಿದ್ದೆ ಕಣೇ. ಸುಳ್ಳು ಹೇಳ್ದೆ."

"ಗೊತ್ತು."

"ಯಾವತ್ತು ಗೊತ್ತಾಯ್ತು?"

"ಮೊದಲನೇ ದಿನಾನೇ. ಮೊಳೆ ಚೀಪಿದ ಹಾಗಿತ್ತು."

"ಮತ್ತೆ ಯಾಕೆ ಕುಡಿದೆ?"

ಗುಬ್ಬಿ ತೂಕದ ಯಂತ್ರದ ಮೇಲಿಂದ ಇಳಿಯಲಿಲ್ಲ. "ನೀನು ನೋಡ್ತಾ ಇದ್ದೆ. ಕುಡಿದ್ರೆ ನಿನಗೆ ಖುಷಿ ಆಗ್ತಿತ್ತು. ಆಮೇಲೆ ನೀನೇ ಹೇಳ್ತೀಯ ಅನ್ಕೊಂಡೆ."

ವಾಂತಿ ಬರುವ ರುಚಿಯನ್ನು ಈ ಮಗು ಮೂರು ದಿನ, ಮೂರು ಲೋಟ, ಅಪ್ಪನಿಗಾಗಿ ನುಂಗಿತ್ತು. ಇನ್ನು ಯಾವತ್ತೂ ಹಾಗೆ ಮಾಡುವುದಿಲ್ಲ ಎಂದ. ಹೊಸ ಹಾಲಿನ ಪೊಟ್ಟಣ ತರುತ್ತೇನೆ, ನೀನೇ ಕತ್ತರಿಸು, ನೀನೇ ಬಗ್ಗಿಸು, ನಾನು ಅಡುಗೆಮನೆಗೇ ಬರುವುದಿಲ್ಲ ಎಂದ. ಗುಬ್ಬಿ ಎಲ್ಲವನ್ನೂ ಕೇಳಿಸಿಕೊಂಡಳು.

"ಅಪ್ಪ, ಆ ಮೂಗಿನ ಪೈಪಲ್ಲಿ ಹಾಕಿದ್ರೆ ನಾಲಿಗೆಗೆ ಗೊತ್ತಾಗತ್ತಾ?"

ಈ ಸಲ ಅವನು ಸುಳ್ಳು ಹೇಳಲಿಲ್ಲ. "ಇಲ್ಲ ಪುಟ್ಟ. ಗೊತ್ತಾಗಲ್ಲ."

"ಹಾಗಾದ್ರೆ ಅದನ್ನೇ ಹಾಕ್ಸು," ಅಂದಳು ಗುಬ್ಬಿ, ಮತ್ತು ಚಪ್ಪಲಿ ಹಾಕಿಕೊಳ್ಳಲು ಹೋದಳು.