ಬಿಳಿ ಬೋರ್ಡಿನ ವ್ಯಾನು

ನಾನೊಂದು ವ್ಯಾನು. ಮೂತಿ ಚಪ್ಪಟೆ, ಹೊಟ್ಟೆ ದೊಡ್ಡದು, ರೂಪದ ವಿಷಯದಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ಕಾರ್ಖಾನೆಯಿಂದ ಹೊರಬಂದಾಗ ಮೈತುಂಬ ಬಿಳಿ ಬಣ್ಣವಿತ್ತು, ತಲೆತುಂಬ ಜಂಭವಿತ್ತು. ದಾವಣಗೆರೆಯ ಡ್ರಾಯಿಂಗ್ ಮೇಷ್ಟ್ರೊಬ್ಬರು ನನ್ನನ್ನು ಕೊಂಡರು. ಭಾನುವಾರ ಹೆಂಡತಿ ಮಕ್ಕಳನ್ನು ತುಂಬಿಕೊಂಡು ಕೊಂಡಜ್ಜಿ ಕೆರೆಗೆ ಹೋಗುತ್ತಿದ್ದರು. ಮಕ್ಕಳು ನನ್ನ ಸೀಟಿನ ಮೇಲೆ ವಾಂತಿ ಮಾಡುತ್ತಲೇ ದೊಡ್ಡವರಾದರು. ಆಮೇಲೆ ಮೇಷ್ಟ್ರು ಉದ್ದ ಮೂತಿಯ ಕಾರು ತಂದರು. ನನ್ನನ್ನು ಮಾರಿಬಿಟ್ಟರು.

ಕೊಂಡವರು ಗೋಣೆಪ್ಪ, ಕೊಟ್ರಮ್ಮ ಎಂಬ ಗಂಡಹೆಂಡತಿ. ಅಲ್ಲಿಯವರೆಗೆ ತಳ್ಳುಗಾಡಿಯಲ್ಲಿ ಮಿರ್ಚಿ ಮಂಡಕ್ಕಿ ಮಾರುತ್ತಿದ್ದವರು. ಕಾಗದಪತ್ರ ಮಾಡಿಸುವಾಗ ಆರ್‌ಟಿಒ ಕಚೇರಿ ಮುಂದಿನ ಏಜೆಂಟ್, "ವ್ಯಾಪಾರಕ್ಕಲ್ಲೇನ್ರಿ? ಹಳದಿ ಬೋರ್ಡ್ ಮಾಡಿಸ್ಕಳ್ರಿ" ಎಂದ.

ಗೋಣೆಪ್ಪ ಒಪ್ಪಲಿಲ್ಲ. "ಹಳದಿ ಹಾಕ್ಸಿದ್ರೆ ಬಾಡಿಗೆ ಗಾಡಿ ಅಂತಾರಪ್ಪ ಜನ. ಇದು ನಮ್ ಸ್ವಂತದ್ದು. ಬಿಳೀದೇ ಇರ್ಲಿ."

ಮನೆಯ ಲಕ್ಷ್ಮಿ ಎಂದು ಹೆಂಡತಿಯ ಹೆಸರಿಗೇ ಮಾಡಿಸಿದ. ಚಕ್ರದಡಿ ನಿಂಬೆಹಣ್ಣು ಇಟ್ಟರು, ಹಾರ ಹಾಕಿದರು. ನಾನು ಉಬ್ಬಿಹೋದೆ. ಆ ಉಬ್ಬನ್ನು ನೆನೆದರೆ ಈಗ ನಾಚಿಕೆಯಿಂದ ಮೈ ಹಿಡಿಯಾಗುತ್ತದೆ.

ಸೀಟು ಕಿತ್ತು ನನ್ನೊಳಗೆ ಒಲೆ ಇಟ್ಟರು. ಸಂಜೆ ಹಳೇ ಬಸ್‌ಸ್ಟ್ಯಾಂಡ್ ಹತ್ತಿರ ನಿಲ್ಲಿಸಿ ಹಿಂದಿನ ಬಾಗಿಲು ಮೇಲೆತ್ತಿದರೆ ಅದೇ ಅಂಗಡಿಯ ಸೂರು. ಕೊಟ್ರಮ್ಮನ ಮಿರ್ಚಿಗೆ ಊರೆಲ್ಲ ಹೆಸರು. ಎಣ್ಣೆ ಜಿಡ್ಡು ಕೂತು ಕೂತು ನನ್ನ ಬಿಳಿ ಹೋಗಿ ಬೆಲ್ಲದ ಬಣ್ಣ ಬಂತು. ನಂಬರಿನ ಬಿಳಿ ಬೋರ್ಡನ್ನು ಮಾತ್ರ ಗೋಣೆಪ್ಪ ದಿನಾ ಬಟ್ಟೆಯಿಂದ ಒರೆಸುತ್ತಿದ್ದ.

ಒಂದು ದಿನ ರೇಷನ್ ಅಂಗಡಿಯಿಂದ ಕೊಟ್ರಮ್ಮ ಬರಿಗೈಲಿ ಬಂದಳು. ಹೆಸರಲ್ಲಿ ಕಾರಿದೆ ಎಂದು ಬಿಪಿಎಲ್ ಕಾರ್ಡ್ ರದ್ದಾಗಿತ್ತು. ನನ್ನ ಬಾಗಿಲಿಗೆ ಒಂದು ಏಟು ಕೊಟ್ಟು, "ನಿನ್ನ ದೆಸೆಯಿಂದ ನಾವು ಸಾವ್ಕಾರ್ರಾದ್ವಿ ನೋಡು" ಎಂದು ನಕ್ಕಳು. ಗೋಣೆಪ್ಪ ಅದನ್ನು ಗಿರಾಕಿಗಳಿಗೆಲ್ಲ ಹೇಳಿ ನಗಿಸಿದ. ಅಕ್ಕಿ ತಾನೇ, ಕೊಂಡು ತಿಂದರಾಯಿತು ಎಂದುಕೊಂಡರು.

ಆಮೇಲೆ ಗೋಣೆಪ್ಪನಿಗೆ ಉಬ್ಬಸ ಶುರುವಾಯಿತು. ನೀರಿನ ಕ್ಯಾನು ಎತ್ತಿದರೆ ಏದುಸಿರು. ಹೃದಯದ ವಾಲ್ವ್ ಕೆಟ್ಟಿದೆ, ಆಪರೇಷನ್ ತಡಮಾಡಬೇಡಿ ಎಂದರು ಡಾಕ್ಟರು. ದೊಡ್ಡಾಸ್ಪತ್ರೆಗೆ ಅವರನ್ನು ಕರೆದೊಯ್ದದ್ದು ನಾನೇ. ಒಳಗೆ ಹೋದವರು ಬಂದು ಮುಂದಿನ ಸೀಟಿನಲ್ಲಿ ಕೂತರು. ಕೌಂಟರಿನಲ್ಲಿ ಕೇಳಿ ಬಂದದ್ದನ್ನು ಕೊಟ್ರಮ್ಮ ಹೇಳಿದಳು.

"ಬಿಪಿಎಲ್ ಇದ್ದಿದ್ರೆ ಪೂರ್ತಿ ಸರ್ಕಾರನೇ ಕೊಡ್ತಿತ್ತಂತೆ. ಈಗ ಒಂಚೂರು ಕೊಡ್ತಾರಂತೆ, ಉಳಿದಿದ್ದೆಲ್ಲ ನಾವೇ ಕಟ್ಬೇಕಂತೆ."

"ಹಳದಿ ಬೋರ್ಡ್ ಆಗಿದ್ರೆ?"

"ದುಡಿಯೋ ಗಾಡಿ ಅಂತ ಕಾರ್ಡ್ ಉಳಿಸ್ತಿದ್ರಂತೆ."

ಅವನು ಕೀಲಿ ತಿರುಗಿಸಿದಾಗ ಒಂದೇ ಸಲಕ್ಕೆ ಸ್ಟಾರ್ಟ್ ಆದೆ. ಅದಕ್ಕೂ ನನಗೆ ನಾಚಿಕೆಯಾಯಿತು.

ಆ ಸಂಜೆಯೂ ಅಂಗಡಿ ತೆರೆದರು. ಗಿರಾಕಿಗಳ ನಡುವೆ ಇದೇ ಮಾತು ಎದ್ದಿತು. ಸರ್ಕಾರ ಕಾರ್ಡುಗಳನ್ನು ಜರಡಿ ಹಿಡಿಯುತ್ತಿದೆ ಎಂದು ಪೇಪರಿನಲ್ಲಿ ಬಂದಿತ್ತಂತೆ. ಬ್ಯಾಂಕಿನಿಂದ ರಿಟೈರಾದ ಚಂದ್ರಮೌಳಿ, "ಒಳ್ಳೇದೇ ಆಯ್ತು. ಕಾರಲ್ಲಿ ಓಡಾಡೋರಿಗೆ ಪುಕ್ಕಟೆ ಆಪರೇಷನ್ ಯಾಕ್ರಿ? ನಿಜವಾದ ಬಡವರಿಗೆ ಸಿಗ್ಲಿ" ಎಂದರು. ಆಟೋ ಓಡಿಸುವ ರುದ್ರೇಶಿ ಸುಮ್ಮನಿರಲಿಲ್ಲ. "ಕಾರ್ ನೋಡ್ತಾರೆ, ಕಾರೊಳಗೆ ಕುಂತೋನ್ನ ನೋಡಲ್ಲ. ಕಾಯ್ಲೆ ಬಂದ್ರೆ ಎಲ್ರೂ ಬಡವ್ರೇ ಸಾರ್. ಎಲ್ರಿಗೂ ಕೊಡ್ಬೇಕು." ಎಲ್ಲರಿಗೂ ಕೊಟ್ಟರೆ ಖಜಾನೆ ಎಲ್ಲಿ ಉಳಿಯುತ್ತದೆ ಎಂದು ಅವರು, ದೊಡ್ಡವರ ಮನೆಯಲ್ಲೂ ಸುಳ್ಳು ಕಾರ್ಡ್ ಇಲ್ಲವೇ ಎಂದು ಇವನು. ಪ್ಲೇಟು ನನ್ನ ಮೈಮೇಲೇ ಇಟ್ಟುಕೊಂಡು ವಾದಿಸಿದರು. ಇಬ್ಬರ ಮಾತೂ ನನಗೆ ಸರಿಯೆನಿಸಿತು, ಅದೇ ಇನ್ನೂ ಸಂಕಟ.

"ನೀನ್ ಹೇಳವ್ವ ಕೊಟ್ರಮ್ಮ, ಯಾರದು ಸರಿ?" ಎಂದರು ಚಂದ್ರಮೌಳಿ.

ಹೇಳು ತಾಯಿ, ಈಗಲಾದರೂ ಹೇಳು ಎಂದು ನಾನು ಒಳಗೇ ಒದ್ದಾಡಿದೆ. ಹೇಳಿದ್ದರೆ ನಾಲ್ಕು ಜನ ಓಡಾಡಿ ಏನಾದರೂ ದಾರಿ ಹುಡುಕುತ್ತಿದ್ದರೇನೋ. ಅವಳು ಬಾಣಲೆಯಿಂದ ತಲೆಯೆತ್ತಲಿಲ್ಲ.

"ಕಾರಿಟ್ಕಂಡು ಕೈ ಚಾಚೋದು ನಾಚ್ಕೆಗೇಡಲ್ಲೇನಣ್ಣ?" ಎಂದಳು.

ಮುಂದಿನ ಸೀಟಿನಲ್ಲಿ ಗೋಣೆಪ್ಪ ಈರುಳ್ಳಿ ಹೆಚ್ಚುತ್ತಿದ್ದ. ಚಾಕುವಿನ ಸದ್ದು ನಿಂತಿತು. ಚಂದ್ರಮೌಳಿ ಖುಷಿಯಾಗಿ ಇನ್ನೊಂದು ಪ್ಲೇಟ್ ಹೇಳಿದರು. ಅವಳು ಕೊಟ್ಟಳು. ನನಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು.

ಮರುವಾರವೇ ನನ್ನನ್ನು ಗುಜರಿಗೆ ಕೊಟ್ಟರು. ಹೋಗಲಿ, ನಾನು ತೊಲಗಿದರೆ ಅವರ ಕಾರ್ಡ್ ಬರುತ್ತದಲ್ಲ ಎಂದು ನೆಮ್ಮದಿಯಿಂದಲೇ ಬಂದೆ. ಇಲ್ಲಿ ನನ್ನ ಚಕ್ರ ಬಿಚ್ಚಿದರು, ಎಂಜಿನ್ ಇಳಿಸಿದರು. ಆದರೆ ಒಂದು ದಿನ ಕೊಟ್ರಮ್ಮ ಇಲ್ಲಿಗೇ ಬಂದಳು. ಸೊರಗಿಹೋಗಿದ್ದಳು.

"ಅಣ್ಣ, ಗಾಡಿ ಇನ್ನೂ ನನ್ ಹೆಸರಲ್ಲೇ ಐತಂತೆ. ಕಂಪ್ಯೂಟ್ರು ತೋರಿಸ್ತೈತಂತೆ. ಕಾರ್ಡ್ ಕೊಡಲ್ಲ ಅಂತಾರೆ. ನಮ್ ಮನೆಯವ್ರಿಗೆ ಮಲಗಿದ್ರೂ ಉಸಿರು ಕಟ್ತೈತಣ್ಣ."

ಗುಜರಿಯ ಮುನೀರ್ ಸಾಬರು ಹಣೆ ಚಚ್ಚಿಕೊಂಡರು. "ಮಾರಿದ್ರೆ ಸಾಲ್ದಮ್ಮ, ಆರ್‌ಟಿಒದಲ್ಲಿ ರದ್ದು ಮಾಡಿಸ್ಬೇಕಿತ್ತು. ಚಾಸಿ ಮೇಲೆ ನಂಬರ್ ಕೊರೆದಿರೋ ತುಂಡು ಕತ್ತರಿಸಿ ಕೊಡ್ತೀನಿ. ಒಯ್ದು ಒಪ್ಪಿಸು, ಗಾಡಿ ಇಲ್ಲ ಅಂತ ಬರ್ಕೊಂತಾರೆ."

ನನ್ನ ಎದೆಯ ಕಬ್ಬಿಣದಿಂದ ಅಂಗೈಯಗಲದ ತುಂಡು ಕತ್ತರಿಸಿದರು. ನೋಯಲಿಲ್ಲ. ಇನ್ನೂ ಬಿಸಿಯಿದ್ದ ಅದನ್ನು ಅವಳು ಸೆರಗಿನಲ್ಲಿ ಸುತ್ತಿಕೊಂಡು ಬಸ್ಸಿಗೆ ಓಡಿದಳು.

ಅವಳು ಮತ್ತೆ ಬಂದಿಲ್ಲ. ನನ್ನಲ್ಲಿ ಈಗ ಉಳಿದಿರುವುದು ಬರೀ ತಗಡು, ಅದರೊಳಗೆ ಬೆಕ್ಕೊಂದು ಮರಿ ಹಾಕಿದೆ. ಆದರೂ ಆ ಕಂಪ್ಯೂಟರಿನಲ್ಲಿ ನಾನು ಇನ್ನೂ ಗಟ್ಟಿಮುಟ್ಟಾಗಿ ಓಡಾಡುತ್ತಿರಬಹುದು. ನನಗಿರುವುದು ಒಂದೇ ಆಸೆ. ನಾನು ಸತ್ತೆನೆಂದು ಯಾರಾದರೂ ಬೇಗ ಬರೆದುಕೊಳ್ಳಲಿ, ಗೋಣೆಪ್ಪನಿಗಿಂತ ಮೊದಲು.